ಸಾಕು ಎನ್ನುವ ಸಂಜ್ಞೆ

ಇವತ್ತಿನ ಊಟವನ್ನು ಅರಗಿಸುತ್ತಿರುವ ನಮ್ಮ ಸಣ್ಣಕರುಳಿನ ಒಳಪದರದ ಬಹುಪಾಲು ಹೋದ ವಾರ ಇರಲೇ ಇಲ್ಲ. ಅಲ್ಲಿನ ಜೀವಕೋಶಗಳು 3ರಿಂದ 5 ದಿನ ದುಡಿದು ಸವೆದು ಉದುರುತ್ತವೆ. ಉದುರಿದಷ್ಟೇ ಹೊಸವು ಹುಟ್ಟುತ್ತವೆ. ಒಂದಿಷ್ಟು ಕಡಿಮೆಯಾದರೆ ಕರುಳು ಹುಣ್ಣಾಗುತ್ತದೆ, ಹೆಚ್ಚಾದರೆ ಗಂಟು ಬೆಳೆಯುತ್ತದೆ. ಈ ಲೆಕ್ಕ ತಪ್ಪದಂತೆ ನಡೆಸುವವರು ಯಾರು?

ಕರುಳಿನ ಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳಿವೆ. ಭತ್ತದ ಸಸಿಮಡಿಯಿದ್ದಂತೆ, ಹೊಸ ಕೋಶಗಳೆಲ್ಲ ಮೊಳೆಯುವುದು ಅಲ್ಲೇ. ಗುಂಡಿಯ ತಳದಲ್ಲಿದ್ದು ಈ ಹೊಸ ಕೋಶಗಳನ್ನು ಹುಟ್ಟಿಸುವ ಆಕರಕೋಶಗಳನ್ನು 2007ರಲ್ಲಿ ನೆದರ್‌ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ನಿಕ್ ಬಾರ್ಕರ್ ಮತ್ತು ಸಂಗಡಿಗರು ಇಲಿಗಳಲ್ಲಿ ಗುರುತಿಸಿದರು. ಗುಂಡಿಗೆ ಸುಮಾರು 15 ಇರುವ ಈ ಕೋಶಗಳು ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಬ್ಭಾಗವಾಗುತ್ತವೆ.

ಅವುಗಳಿಗೆ ‘ಬೆಳೆ’ ಎಂದು ಹೇಳುವ ಮುಖ್ಯ ಸಂಜ್ಞೆಯ ಹೆಸರು ವಿಂಟ್. ಮಗ್ಗುಲಲ್ಲಿರುವ ಪ್ಯಾನೆತ್ ಕೋಶಗಳೂ ಗುಂಡಿಯ ಸುತ್ತಲಿನ ಅಂಗಾಂಶವೂ ಇದನ್ನು ಒದಗಿಸುತ್ತವೆ. ಇದು ಹೆಚ್ಚು ದೂರ ಸಾಗುವುದಿಲ್ಲ. ಹೊಸ ಕೋಶ ತಳ ಬಿಟ್ಟು ಮೇಲೇರಿದ ಹಾಗೆ ವಿಂಟ್ ಕ್ಷೀಣಿಸುತ್ತದೆ, ಬಿಎಂಪಿ ಎಂಬ ಇನ್ನೊಂದು ಸಂಜ್ಞೆ ಬಲವಾಗುತ್ತದೆ. ‘ಬೆಳೆದದ್ದು ಸಾಕು, ಇನ್ನು ಕೆಲಸಕ್ಕೆ ನಿಲ್ಲು’ ಎನ್ನುವುದು ಬಿಎಂಪಿಯ ಆಜ್ಞೆ. ಆಗ ಕೋಶ ಒಡೆಯುವುದನ್ನು ಬಿಟ್ಟು ಆಹಾರ ಹೀರುವುದಕ್ಕೋ ಲೋಳೆ ಸುರಿಸುವುದಕ್ಕೋ ತೊಡಗುತ್ತದೆ.

2009ರಲ್ಲಿ ಅದೇ ಪ್ರಯೋಗಾಲಯದ ತೋಶಿರೊ ಸಾಟೊ ಒಂದೇ ಒಂದು ಆಕರಕೋಶದಿಂದ ಗಾಜಿನ ತಟ್ಟೆಯಲ್ಲಿ ಪುಟ್ಟ ಕರುಳನ್ನು ಬೆಳೆಸಿದರು. ಅದಕ್ಕೆ ಅವರು ಉಣಿಸಿದ ಮೂರು ಪ್ರೋಟೀನುಗಳಲ್ಲಿ ಇಜಿಎಫ್ ಮತ್ತು ಆರ್-ಸ್ಪಾಂಡಿನ್ ಬೆಳವಣಿಗೆಗೆ ಇಂಬು ಕೊಡುವಂಥವು. ಮೂರನೆಯದಾದ ನಾಗಿನ್‌ನ ಕೆಲಸವೇ ಬಿಎಂಪಿಯ ಬಾಯಿ ಕಟ್ಟುವುದು. ‘ಸಾಕು’ ಎನ್ನುವ ಮಾತಿಗೆ ಅಷ್ಟು ಶಕ್ತಿಯಿದೆ.

ಆ ಶಕ್ತಿ ಉಡುಗಿದರೆ ಏನಾಗುತ್ತದೆ ಎಂಬುದನ್ನು ದೊಡ್ಡಕರುಳಿನ ಕ್ಯಾನ್ಸರ್ ತೋರಿಸುತ್ತದೆ. ವಿಂಟ್ ಸಂಜ್ಞೆಗೆ ಕಡಿವಾಣ ಹಾಕುವ ಎಪಿಸಿ ಎಂಬ ಜೀನ್ ಈ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಕೆಟ್ಟಿರುತ್ತದೆ. ಹೊರಗಿನಿಂದ ಅಪ್ಪಣೆ ಬರದಿದ್ದರೂ ಕೋಶ ಬಂದಂತೆಯೇ ವರ್ತಿಸುತ್ತದೆ, ನಿಲ್ಲದೆ ಒಡೆಯುತ್ತದೆ. ಬೆಳೆಯುವ ಹುಮ್ಮಸ್ಸು ಇದ್ದೂ ನಿಲ್ಲುವ ವಿವೇಕ ಇಲ್ಲದ ಕೋಶ ತನ್ನನ್ನು ಸಾಕಿದ ಮೈಯನ್ನೇ ತಿನ್ನುತ್ತದೆ. ಮನುಷ್ಯನ ಆಸೆಗೂ ಊರಿನ ಅಭಿವೃದ್ಧಿಗೂ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಸಮಾಧಾನದ ಸಂಗತಿಯೊಂದಿದೆ. ಇಂಥ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ ಕಂಡರೆ ಅಲ್ಲೇ ಕತ್ತರಿಸಿ ತೆಗೆಯಬಹುದು. ಆದ್ದರಿಂದ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೇ ಇರಬೇಕೆಂದು ನೀವೇ ತೀರ್ಮಾನಿಸಿ, ನಾಚಿಕೊಂಡು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ. ಮನೆಯ ಹಿರಿಯರಿಗೂ ಈ ಮಾತು ಹೇಳಿ.