ತನ್ನ ಗುಣವನ್ನು ತಾನೇ ಹೇಳುವದು ಗರ್ವವೋ?



ಉದ್ಯೋಗಕ್ಕಾಗಿ ಅರ್ಜಿ ಬರೆಯಲು ಕುಳಿತ ನಮ್ಮ ಹಳ್ಳಿಗಳ ಯೌವನಸ್ಥರಿಗೆ ಒಂದು ಇಕ್ಕಟ್ಟು ಒದಗುವದುಂಟು. ಹೆಸರು, ಊರು, ವಯಸ್ಸು, ತೇರ್ಗಡೆಯಾದ ಪರೀಕ್ಷೆಗಳು ಇವನ್ನು ಬರೆಯುವದಕ್ಕೆ ಅವರು ಅಂಜುವದಿಲ್ಲ. ಆದರೆ "ನಿಮ್ಮಲ್ಲಿರುವ ಗುಣಗಳು ಯಾವವು? ನಿಮ್ಮನ್ನೇ ಯಾಕೆ ನೇಮಿಸಬೇಕು?" ಎಂಬ ಪ್ರಶ್ನೆಗೆ ಬಂದ ಕೂಡಲೇ ಕೈ ತಡೆಯುತ್ತದೆ. ಯಾಕಂದರೆ ತನ್ನನ್ನು ತಾನೇ ಹೊಗಳಿಕೊಳ್ಳುವದು ನಾಚಿಕೆಯ ಕೆಲಸವೆಂದು ತಾಯಿತಂದೆಗಳು ನಮಗೆ ಕಲಿಸಿದ್ದಾರೆ. ತುಂಬಿದ ಕೊಡ ತುಳುಕುವದಿಲ್ಲವೆಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಹೀಗಿರಲಾಗಿ, ತನ್ನ ಗುಣವನ್ನು ತಾನೇ ಬರೆದು ಕಳುಹಿಸುವದು ಗರ್ವವೋ, ಅಲ್ಲವೋ? ಈ ಪ್ರಶ್ನೆಯನ್ನು ನಿಧಾನವಾಗಿ ವಿಚಾರಿಸೋಣ.

ಈ ಇಕ್ಕಟ್ಟಿನಲ್ಲಿ ಸಿಕ್ಕಿದವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಸಂಕೋಚದಿಂದ ಏನನ್ನೂ ಬರೆಯದೆ, "ತಮ್ಮ ದಯವಿದ್ದರೆ ಸಾಕು" ಎಂದು ಮುಗಿಸುತ್ತಾರೆ. ಬೇರೆ ಕೆಲವರು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಅಲ್ಲಿ ಸಿದ್ಧವಾಗಿರುವ ಮಾತುಗಳನ್ನು ತಮ್ಮ ಹೆಸರಿನ ಕೆಳಗೆ ಅಚ್ಚು ಮಾಡಿಸಿಕೊಳ್ಳುತ್ತಾರೆ. ನಾನು ಪ್ರಾಮಾಣಿಕನು, ಶ್ರಮಜೀವಿಯು, ಎಲ್ಲರೊಡನೆ ಹೊಂದಿಕೊಂಡು ನಡೆಯುವವನು ಎಂಬ ಇವೇ ಮಾತುಗಳು ನೂರು ಜನರ ಅರ್ಜಿಗಳಲ್ಲಿಯೂ ಇರುತ್ತವೆ. ಮೊದಲನೆಯವನು ತನ್ನಲ್ಲಿದ್ದದ್ದನ್ನು ಮುಚ್ಚಿಟ್ಟನು. ಎರಡನೆಯವನು ತನ್ನದಲ್ಲದ ಅಂಗಿಯನ್ನು ತೊಟ್ಟುಕೊಂಡನು. ಅರ್ಜಿಯನ್ನು ಓದುವವನಿಗೆ ಇಬ್ಬರ ಗುರುತೂ ಸಿಗಲಿಲ್ಲ.

ಈಗ ಪಂಚಾಯಿತಿಯ ಮುಂದೆ ಸಾಕ್ಷಿ ಹೇಳುವವನನ್ನು ನೆನಸಿರಿ. "ಈತನು ಬಹಳ ಒಳ್ಳೆಯವನು" ಎಂದು ಅವನು ಹತ್ತು ಸಾರಿ ಕೂಗಿದರೂ ಹಿರಿಯರು ಅದನ್ನು ಎಣಿಕೆಗೆ ತರುವದಿಲ್ಲ. "ನೀನು ಕಂಡದ್ದೇನು? ಎಲ್ಲಿ, ಯಾವಾಗ ಕಂಡೆ?" ಎಂದು ಕೇಳುತ್ತಾರೆ. ಅವನು ಕಂಡದ್ದನ್ನು ಕಂಡಷ್ಟೇ ಹೇಳಿದರೆ ಅದು ಸಾಕ್ಷಿ. ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪು ಕೇಳುವವರದು. ಅರ್ಜಿಯೂ ಇಂಥದ್ದೇ. ತನ್ನ ವಿಷಯದಲ್ಲಿ ತಾನೇ ತೀರ್ಪು ಕೊಟ್ಟುಕೊಳ್ಳುವದು ಗರ್ವ. ತಾನು ಮಾಡಿದ್ದನ್ನು ಸಾಕ್ಷಿಯಂತೆ ತಿಳಿಸುವದು ಗರ್ವವಲ್ಲ. "ನಾನು ನಂಬಿಗಸ್ತಳು" ಎಂಬದು ತೀರ್ಪು. "ನಮ್ಮ ಊರಿನ ಸ್ವಸಹಾಯ ಸಂಘದ ಲೆಕ್ಕವನ್ನು ಮೂರು ವರುಷ ಬರೆದಿದ್ದೇನೆ, ಪ್ರತಿ ವಾರದ ಜಮಾ ಖರ್ಚನ್ನು ಸದಸ್ಯರ ಮುಂದೆ ಓದಿ ಹೇಳಿದ್ದೇನೆ, ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು" ಎಂಬದು ಸಾಕ್ಷಿ. ಇದರಲ್ಲಿ ಹೊಗಳಿಕೆಯ ಒಂದು ಶಬ್ದವೂ ಇಲ್ಲ. ಆದರೂ ಓದಿದವನು ಈಕೆ ನಂಬಿಗಸ್ತಳೆಂದು ತಾನಾಗಿಯೇ ಅಂದುಕೊಳ್ಳುವನು.

ಇದಕ್ಕೆ ಚರಿತ್ರೆಯಿಂದ ಒಂದು ದೃಷ್ಟಾಂತ ಕೊಡುವೆನು. ಗಣಿತಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಶ್ರೀನಿವಾಸ ರಾಮಾನುಜನ್‌ರವರು 1912ನೆಯ ಇಸವಿ ಫೆಬ್ರವರಿ 9ರಂದು ಮದ್ರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಗುಮಾಸ್ತೆ ಕೆಲಸಕ್ಕಾಗಿ ಒಂದು ಅರ್ಜಿ ಬರೆದರು. ಆಗ ಅವರಿಗೆ 24 ವರುಷ. ಗಣಿತದ ಹೊರತು ಬೇರೆ ವಿಷಯಗಳ ಕಡೆಗೆ ಮನಸ್ಸು ಕೊಡದ ಕಾರಣ ಅವರು ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಎರಡು ಸಾರಿ ತಪ್ಪಿದ್ದರು. ಆ ಅರ್ಜಿಯು ಕೆಲವೇ ಸಾಲುಗಳದು. ಮೆಟ್ರಿಕ್ಯುಲೇಷನ್ ಮುಗಿಸಿದ್ದೇನೆ, ಎಫ್.ಎ. ತನಕ ಓದಿದ್ದೇನೆ, ಅನಾನುಕೂಲಗಳಿಂದ ಓದು ಮುಂದುವರಿಯಲಿಲ್ಲ, ನನ್ನ ಕಾಲವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಕೆಲಸ ಕೊಟ್ಟರೆ ಅದಕ್ಕೆ ತಕ್ಕಂತೆ ನಡೆದುಕೊಳ್ಳುವೆನೆಂಬ ಭರವಸೆ ನನಗಿದೆ ಎಂಬದೇ ಅದರ ಸಾರ. ಜೊತೆಯಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರವನ್ನು ಇಟ್ಟಿದ್ದರು. ಕೆಲಸ ಸಿಕ್ಕಿತು. ಮಾರ್ಚಿ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಅವರು ಗುಮಾಸ್ತರಾದರು.

ಈ ಚಿಕ್ಕ ಅರ್ಜಿಯಿಂದ ಮೂರು ಸಂಗತಿಗಳನ್ನು ಕಲಿಯಬಹುದು. ಒಂದನೆಯದು, ಅವರು ಎಫ್.ಎ. "ತನಕ ಓದಿದೆ" ಎಂದರೇ ಹೊರತು "ತೇರ್ಗಡೆಯಾದೆ" ಅನ್ನಲಿಲ್ಲ. ಸೋತದ್ದನ್ನು ವಿಸ್ತರಿಸಿ ಹೇಳಲಿಲ್ಲ, ಗೆದ್ದೆನೆಂದೂ ಹೇಳಲಿಲ್ಲ. ತನ್ನ ಕುಂದುಗಳನ್ನೆಲ್ಲ ಅರ್ಜಿಯಲ್ಲಿ ಪಟ್ಟಿ ಮಾಡಬೇಕೆಂಬ ಕಟ್ಟಳೆಯಿಲ್ಲ. ಆದರೆ ಬರೆದ ಮಾತು ಓದುವವನಲ್ಲಿ ಸುಳ್ಳು ನಂಬಿಕೆಯನ್ನು ಹುಟ್ಟಿಸಬಾರದು. ಬಾಯಿಬಿಟ್ಟು ಕೇಳಿದಾಗ ಮರೆಮಾಚಬಾರದು. ಎರಡನೆಯದು, ತಾವು ಹೇಳಬೇಕಾದದ್ದನ್ನು ತಾವು ಹೇಳಿ, ಹೊಗಳಿಕೆಯನ್ನು ಬಲ್ಲವರ ಬಾಯಿಗೆ ಬಿಟ್ಟರು. ಮೂರನೆಯದು, ಅತಿಯಾದ ಸಂಕೋಚದ ಕುರಿತಾದದ್ದು. ಹಿಂದಿನ ವರುಷ, ಅಂದರೆ 1911ರಲ್ಲಿಯೇ, ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅವರ ಲೇಖನವು ಅಚ್ಚಾಗಿತ್ತು. ಅರ್ಜಿಯಲ್ಲಿ ಅದರ ಪ್ರಸ್ತಾಪವಿಲ್ಲ. ಅದನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೆ ಗರ್ವವಾಗುತ್ತಿತ್ತೋ? ಖಂಡಿತವಾಗಿ ಇಲ್ಲ. 1913ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಡಿ ಎಂಬ ಪಂಡಿತರಿಗೆ ಬರೆದಾಗ ಅವರು ಈ ಸಂಕೋಚವನ್ನು ಬಿಟ್ಟರು. ತಾನು ಅಲ್ಪ ಸಂಬಳದ ಗುಮಾಸ್ತನೆಂದೂ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದವನೆಂದೂ ಮೊದಲೇ ತಿಳಿಸಿ, ತಾನು ಕಂಡುಹಿಡಿದ ಗಣಿತದ ಸೂತ್ರಗಳನ್ನು ಹಲವು ಹಾಳೆಗಳ ತುಂಬ ಬರೆದು ಕಳುಹಿಸಿದರು. ಆ ಹಾಳೆಗಳೇ ಅವರ ಪರವಾಗಿ ಮಾತಾಡಿದವು. 1914ರಲ್ಲಿ ಅವರು ಕೇಂಬ್ರಿಜ್‌ಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಆದಕಾರಣ ಇದ್ದದ್ದನ್ನು ಇಲ್ಲವೆನ್ನುವದು ನಮ್ರತೆಯಲ್ಲ. ಅದೂ ಒಂದು ವಿಧದ ಅಸತ್ಯವೇ. ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ವರುಷ ಎತ್ತಿ ಇಳಿಸಿ, ಹೊತ್ತಿಗೆ ಸರಿಯಾಗಿ ಮದ್ದು ಕೊಟ್ಟು ನೋಡಿಕೊಂಡ ಹುಡುಗಿಯು ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ಕೆಲಸಕ್ಕೆ ಅರ್ಜಿ ಹಾಕುವಾಗ "ನನಗೆ ಏನೂ ಅನುಭವವಿಲ್ಲ" ಎಂದು ಬರೆದರೆ, ತನಗೂ ನಷ್ಟ ಮಾಡಿಕೊಂಡಳು, ಅವಳ ಕೈಯ ಮೃದುತನ ಬೇಕಾಗಿದ್ದ ರೋಗಿಗೂ ನಷ್ಟ ಮಾಡಿದಳು. ಸಂಬಳ ಪಡೆದು ಮಾಡಿದ ಕೆಲಸವೇ ಅನುಭವವೆಂದು ನಮ್ಮವರು ತಿಳಿದಿರುವದು ತಪ್ಪು. ಹೊಲ, ಕೊಟ್ಟಿಗೆ, ಅಡಿಗೆಮನೆ, ಹಾಲಿನ ಸಂಘ ಇವೂ ಗುಣ ಪರೀಕ್ಷಿಸುವ ಸ್ಥಳಗಳೇ.

ಇನ್ನೊಂದು ಕಡೆಯ ಅಪಾಯವೂ ಉಂಟು. ಇಟಲಿ ದೇಶದ ಚಿತ್ರಕಾರ ಲಿಯೊನಾರ್ದೊ ದಾ ವಿಂಚಿಯು ಸುಮಾರು 1482ರಲ್ಲಿ ಮಿಲಾನ್ ನಗರದ ಒಡೆಯನಾದ ಲುದೊವಿಕೊ ಸ್ಫೋರ್ಜಾ ಎಂಬವನಿಗೆ ಕೆಲಸ ಬೇಡಿ ಒಂದು ಪತ್ರ ಸಿದ್ಧಪಡಿಸಿದನು. ಹಗುರವಾದ ಸೇತುವೆಗಳು, ಮುತ್ತಿಗೆಯ ಯಂತ್ರಗಳು ಮುಂತಾಗಿ ತಾನು ಮಾಡಬಲ್ಲವುಗಳನ್ನು ಸಂಖ್ಯೆ ಹಾಕಿ ಬರೆದು, ಚಿತ್ರಕಲೆಯ ಮಾತನ್ನು ಕೊನೆಗೆ ಇಟ್ಟನು. ಯಾಕಂದರೆ ಒಡೆಯನಿಗೆ ಬೇಕಾದದ್ದು ಯುದ್ಧದ ಸಾಧನಗಳು. ಕೇಳುವವನ ಅಗತ್ಯವನ್ನು ತಿಳಿದು ಅದಕ್ಕೆ ತಕ್ಕದ್ದನ್ನು ಮುಂದಿಡುವದು ವಂಚನೆಯಲ್ಲ, ವಿವೇಕ. ಆದರೆ ಲಿಯೊನಾರ್ದೊನ ಮಾತುಗಳು ಬಲು ದೊಡ್ಡವಾಗಿದ್ದವು. ಅವನ್ನು ಬರಿಯ ಬಡಾಯಿಯಿಂದ ಕಾಪಾಡುವದು ಪತ್ರದ ಕಡೆಯ ಮಾತು: ಇವುಗಳಲ್ಲಿ ಯಾವದಾದರೂ ಅಸಾಧ್ಯವೆಂದು ತೋರಿದರೆ, ತಾವು ಹೇಳಿದ ಸ್ಥಳದಲ್ಲಿ ಮಾಡಿ ತೋರಿಸಲು ಸಿದ್ಧನಿದ್ದೇನೆ ಎಂದು ಅವನು ಅರಿಕೆ ಮಾಡಿದನು. ನಮಗೂ ಇದೇ ಒರೆಗಲ್ಲು. ನಾಳೆಯೇ ಕರೆದು "ಮಾಡಿ ತೋರಿಸು" ಎಂದರೆ ಮಾಡಲಾರದ ಯಾವ ಮಾತನ್ನೂ ಇಂದು ಬರೆಯಬಾರದು.

ಇಲ್ಲಿ ಕೆಲವರು ಆಕ್ಷೇಪಿಸುವರು: "ಸುಳ್ಳು ಬರೆದವನಿಗೆ ನೌಕರಿ ಸಿಕ್ಕಿತು, ನಿಜ ಬರೆದವನು ಮನೆಯಲ್ಲಿ ಕುಳಿತನು. ಹೊಟ್ಟೆಗಿಲ್ಲದವನಿಗೆ ಈ ಬುದ್ಧಿವಾದವೇಕೆ?" ಈ ಮಾತು ಸುಳ್ಳಲ್ಲ, ಲೋಕದಲ್ಲಿ ಹಾಗೆ ನಡೆಯುವದುಂಟು. ನಿಜ ಹೇಳಿದವನಿಗೆ ಯಾವಾಗಲೂ ಕೆಲಸ ಸಿಗುವದೆಂದು ಯಾರೂ ವಾಗ್ದಾನ ಮಾಡಲಾರರು. ಆದರೂ ಯೋಚಿಸಿರಿ. ಅರ್ಜಿಯಲ್ಲಿ ಹೇಳಿದ ಸುಳ್ಳು ಅರ್ಜಿಯೊಡನೆ ಮುಗಿಯುವದಿಲ್ಲ. ವಾಹನ ಓಡಿಸಬಲ್ಲೆನೆಂದು ಸುಳ್ಳು ಬರೆದವನ ಬಂಡಿಯಲ್ಲಿ ಶಾಲೆಯ ಮಕ್ಕಳು ಕುಳಿತುಕೊಳ್ಳುತ್ತಾರೆ. ಸೂಜಿಮದ್ದು ಚುಚ್ಚಬಲ್ಲೆನೆಂದು ಸುಳ್ಳು ಬರೆದವಳ ಕೈಗೆ ನಡುರಾತ್ರಿಯಲ್ಲಿ ಒಬ್ಬ ರೋಗಿಯ ತೋಳು ಬರುತ್ತದೆ. ಯಜಮಾನನಿಗೆ ಹೇಳಿದ ಸುಳ್ಳಿನ ಬೆಲೆಯನ್ನು ತೆರುವವರು ಏನೂ ಅರಿಯದ ಈ ಬಡಪಾಯಿಗಳು. ಇದಲ್ಲದೆ, ನಿಜವಾಗಿಯೂ ಆ ಕೆಲಸ ಬಲ್ಲ ಒಬ್ಬ ಬಡವನ ಸ್ಥಾನವನ್ನು ಕಿತ್ತುಕೊಂಡಂತೆಯೂ ಆಗುತ್ತದೆ. ಹಸಿವು ದೊಡ್ಡದು ಹೌದು. ಆದರೆ ಆ ಇನ್ನೊಬ್ಬನಿಗೂ ಹಸಿವಿದೆ.

ಹೀಗಿರುವದರಿಂದ, ಯೌವನಸ್ಥರೇ, ಅರ್ಜಿ ಬರೆಯುವ ಮೊದಲು ಒಂದು ಹಾಳೆಯಲ್ಲಿ ನೀವು ಮಾಡಿದ ಕೆಲಸಗಳನ್ನು ಬರೆದುಕೊಳ್ಳಿರಿ. ಎಷ್ಟು ಕಾಲ, ಎಷ್ಟು ಜನರಿಗಾಗಿ, ಯಾರ ಕಣ್ಣ ಮುಂದೆ ಎಂಬದನ್ನೂ ಸೇರಿಸಿರಿ. ಕೇಳಿದ ಉದ್ಯೋಗಕ್ಕೆ ತಕ್ಕ ಎರಡು ಮೂರನ್ನು ಆರಿಸಿ ಸರಳವಾದ ಮಾತಿನಲ್ಲಿ ಹೇಳಿರಿ. ತಿಳಿಯದ ಕೆಲಸವಿದ್ದರೆ "ಇದನ್ನು ಕಲಿಯಬೇಕಾಗಿದೆ" ಎನ್ನಲು ನಾಚಬೇಡಿರಿ. ಬರೆದದ್ದನ್ನು ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ನೆರೆಯವರೊಬ್ಬರಿಗೆ ಓದಿ ಹೇಳಿರಿ. ಅವರು ನಕ್ಕರೆ ಆ ಸಾಲನ್ನು ಹೊಡೆದುಹಾಕಿರಿ. "ಇದನ್ನು ಯಾಕೆ ಬಿಟ್ಟೆ?" ಎಂದು ಕೇಳಿದರೆ ಅದನ್ನು ಸೇರಿಸಿರಿ. ತುಂಬಿದ ಕೊಡ ತುಳುಕದಿರಲಿ. ಆದರೆ ನೀರು ಕೇಳಿ ಬಾಗಿಲಿಗೆ ಬಂದವನಿಗೆ ಕೊಡದಲ್ಲಿ ಎಷ್ಟು ನೀರುಂಟೆಂದು ಹೇಳುವದು ತುಳುಕುವದಲ್ಲ.