ಹಳೆಯ ನಿಲ್ದಾಣದ ಋಣ

ಪೂರ್ವಿಕರು ಕಟ್ಟಿದುದನ್ನೆಲ್ಲ ಉಳಿಸಿಕೊಳ್ಳಬೇಕೆಂದು ಯಾರೂ ಹೇಳಲಾರರು. ಎಲ್ಲವನ್ನೂ ಕೆಡವಬೇಕೆಂದೂ ಹೇಳಲಾರರು. ಕೆರೆಯನ್ನು ಉಳಿಸಿದರೆ ನೀರುಂಟು, ಮಂಟಪವನ್ನು ಉಳಿಸಿದರೆ ನೆರಳುಂಟು. ಆದರೆ ಕೆಲಸ ತೀರಿದ ರೈಲು ನಿಲ್ದಾಣವನ್ನು ಏತಕ್ಕಾಗಿ ಉಳಿಸಬೇಕು? ಉಳಿಸಿದರೂ ಉಳಿಯತಕ್ಕುದು ಯಾವುದು: ಗೋಡೆಯೋ, ನೆನಪೋ, ಅದು ಮಾಡುತ್ತಿದ್ದ ಉಪಕಾರವೋ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ತಕ್ಕ ನಿದರ್ಶನವೊಂದಿದೆ.

ಆಯನೂರಿನಿಂದ ರಿಪ್ಪನ್‌ಪೇಟೆಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಅರಸಾಳು ಸಿಗುತ್ತದೆ. ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಬಂದ ಹಳಿಯು 1930ರ ದಶಕದಲ್ಲಿ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮಾರ್ಗವಾಗಿ ಕಾಡನ್ನು ಹೊಕ್ಕು, 1940ರಲ್ಲಿ ತಾಳಗುಪ್ಪವನ್ನು ಮುಟ್ಟಿತು. ಒಂದು ಮೀಟರು ಅಗಲದ ಆ ಹಳಿಯ ಮೇಲೆ ಬಹುಕಾಲ ಹೊಗೆಬಂಡಿಯೇ ಓಡಾಡಿತು. ಮಳೆಗಾಲದಲ್ಲಿ ಗಾಡಿರಸ್ತೆಗಳು ಕೆಸರಾಗುವ ಸೀಮೆಗೆ ಅದು ಎಂತಹ ಆಸರೆಯಾಗಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ.

ಆ ನಿಲ್ದಾಣಗಳಲ್ಲಿ ಅರಸಾಳಿನ ಪಾಲಿಗೆ ಮಾತ್ರ ವಿಚಿತ್ರವಾದ ಭಾಗ್ಯವೊದಗಿತು. ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ತಮ್ಮ ಮೊದಲನೆಯ ಕಾದಂಬರಿಯಲ್ಲಿ ಮಾಲ್ಗುಡಿ ಎಂಬ ಕಲ್ಪನೆಯ ಊರನ್ನು ಸೃಷ್ಟಿಸಿದರು. ಆ ಊರು ಒಂದು ಪುಟ್ಟ ರೈಲು ನಿಲ್ದಾಣದೊಡನೆಯೇ ತಮ್ಮ ಮನಸ್ಸಿಗೆ ಹೊಳೆಯಿತೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅರ್ಧ ಶತಮಾನದ ಅನಂತರ ಶಂಕರನಾಗ್ ಅವರು ಆ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದಾಗ ಆಗುಂಬೆಯು ಮಾಲ್ಗುಡಿಯ ಬೀದಿಯಾಯಿತು, ಅರಸಾಳು ಅದರ ನಿಲ್ದಾಣವಾಯಿತು. ಮುಂದೆ ಹಳಿಯನ್ನು ಅಗಲಿಸಿ ಬ್ರಾಡ್ ಗೇಜಿಗೆ ತಿರುಗಿಸಿದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸವಿಲ್ಲದಂತಾಯಿತು. ಅದನ್ನು ರೈಲ್ವೆ ಇಲಾಖೆಯವರು ಜೀರ್ಣೋದ್ಧಾರಮಾಡಿ, 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ತೆರೆದರು.

ಇಲ್ಲಿ ಮೊದಲನೆಯ ಸಂದೇಹವು ಏಳುತ್ತದೆ. ಎಂದೂ ಇಲ್ಲದ ಊರಿನ ಹೆಸರಿನಿಂದ ಇದ್ದ ಊರಿನ ಕಟ್ಟಡವು ಬದುಕಿಕೊಂಡುದು ನ್ಯಾಯವೇ? ಕಥೆಯ ಬಲದಿಂದ ಉಳಿಯಿತೆಂದು ಅದನ್ನು ಹಳಿಯುವುದು ಸರಿಯಲ್ಲ. ಹಂಪೆಗೆ ಹೋದವನು ಕಿಷ್ಕಿಂಧೆಯನ್ನೂ ಅರಸುತ್ತಾನೆ. ಕಲ್ಲಿಗೆ ಕಥೆ ಸೇರಿದಲ್ಲದೆ ಜನರ ಮಮತೆ ಅಂಟುವುದು ಕಷ್ಟ. ಆದರೆ ಯಕ್ಷಗಾನದಲ್ಲಿ ಭೀಮನ ವೇಷ ಹಾಕಿದವನನ್ನು ಬೆಳಗಾದ ಮೇಲೆಯೂ ಭೀಮನೆಂದೇ ಕರೆದು, ಅವನ ಹೆಸರನ್ನಾಗಲಿ ಮನೆಯ ಕಷ್ಟಸುಖವನ್ನಾಗಲಿ ಕೇಳದೆ ಹೋದರೆ ಅದು ಅವನಿಗೆ ಮಾಡಿದ ಗೌರವವಾಗಲಾರದು. ಬಂದವರು ಮಾಲ್ಗುಡಿಯನ್ನು ಕಂಡು ಅರಸಾಳನ್ನು ಕಾಣದೆ ಹಿಂದಿರುಗಿದರೆ ಆಗುವುದೂ ಇದೇ.

ಎರಡನೆಯ ಸಂದೇಹವು ಇದಕ್ಕಿಂತ ತೀಕ್ಷ್ಣವಾದುದು. ಕಟ್ಟಡ ಮಾತ್ರ ಉಳಿದರೆ ಸಾಕೆ? ಹೊಗೆಬಂಡಿಯನ್ನೂ ಹಳೆಯ ಹಳಿಯನ್ನೂ ಹಾಗೆಯೇ ಕಾಪಾಡಬಹುದಾಗಿತ್ತಲ್ಲವೆ? ನೀಲಗಿರಿಯಲ್ಲಿ ಹಾಗೆ ಮಾಡಿದ್ದಾರೆ. 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಏರಿದ ಆ ದಾರಿಯು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಉಗಿಯಂತ್ರವು ಹಲ್ಲುಹಳಿಯನ್ನು ಹಿಡಿದು ಇಂದಿಗೂ ಬೆಟ್ಟವನ್ನೇರುತ್ತದೆ. ನೋಡತಕ್ಕವರಿಗೆ ಅದು ಆನಂದ. ಆದರೆ ಸಾಗರದ ರೋಗಿಯು, ತಾಳಗುಪ್ಪದ ವಿದ್ಯಾರ್ಥಿಯು, ಆನಂದಪುರದ ವ್ಯಾಪಾರಿಯು ನಡುವೆ ಗಾಡಿ ಬದಲಾಯಿಸದೆ ಬೆಂಗಳೂರನ್ನೋ ಮೈಸೂರನ್ನೋ ಸೇರುವಂತಾದುದು ಹಳಿ ಅಗಲವಾದುದರಿಂದಲೇ. ಹೊಗೆಯ ಸೊಬಗನ್ನು ದೂರದಿಂದ ಮೆಚ್ಚುವವನು ಬೇರೆ. ಉರಿಯ ಬಾಯಿಗೆ ಕಲ್ಲಿದ್ದಲು ತುಂಬುತ್ತ ಬೆವರಿದವನು ಬೇರೆ. ಒಬ್ಬನ ಸೌಂದರ್ಯಕ್ಕೆ ಇನ್ನೊಬ್ಬನು ಬೆಲೆ ತೆರಬೇಕಾಗಿ ಬಂದರೆ ಅದನ್ನು ರಸಿಕತೆಯೆನ್ನಲಾಗದು. ಅದು ಸ್ವಾರ್ಥದ ಒಂದು ನಯವಾದ ರೂಪ. ಆದುದರಿಂದ ಹಳಿಯನ್ನು ಬದಲಾಯಿಸಿ ಕಟ್ಟಡವನ್ನು ಉಳಿಸಿದುದು ಧರ್ಮಕ್ಕೆ ಹೊಂದುವ ಮಾರ್ಗವೇ ಆಯಿತು.

ಹಾಗಾದರೆ ಉಳಿದ ಗೋಡೆಗಳ ಋಣ ಯಾವುದು? ನಿಲ್ದಾಣವೆಂಬುದು ಊರಿನ ಇತರ ಕಟ್ಟಡಗಳಂತಲ್ಲ. ಗುಡಿಗೆ ಭಕ್ತನೂ ಚಾವಡಿಗೆ ಯಜಮಾನನೂ ಉಂಟು; ನಿಲ್ದಾಣಕ್ಕೆ ಬಂದವರೆಲ್ಲರೂ ಹೋಗತಕ್ಕವರೇ. ಗಾಡಿಯೊಳಗೆ ದರ್ಜೆಗಳ ಭೇದವಿದ್ದುದು ನಿಜ. ಆದರೂ ಜಾತಿಯನ್ನು ಕೇಳಿ ಟಿಕೀಟು ಕೊಡುವ ಕ್ರಮ ಅಲ್ಲಿರಲಿಲ್ಲ. ಕಾಡಿನ ನಡುವಣ ಊರಿನವರಿಗೆ, ಹಣ ತೆತ್ತವನೆಲ್ಲ ಪ್ರಯಾಣಿಕನೆಂಬ ಆ ಸಣ್ಣ ಸಮಾನತೆಯ ಪಾಠವು ಪುಸ್ತಕಕ್ಕಿಂತ ಮೊದಲು ಆ ಜಗಲಿಯ ಮೇಲೆ ದೊರೆಯಿತು. ರಾತ್ರಿ ಮಳೆಯಲ್ಲಿ ದೀಪ ಹಿಡಿದು ನಿಂತವನು, ಹಳಿಯ ಉದ್ದಕ್ಕೂ ನಡೆದು ಮೊಳೆಗಳನ್ನು ಪರೀಕ್ಷಿಸಿದವನು, ಈ ಪಾಠವನ್ನು ಸಾಧ್ಯಮಾಡಿದವರು. ಅವರನ್ನು ಕುರಿತು ಯಾರೂ ಕಥೆ ಬರೆಯಲಿಲ್ಲ. ಕುಂಸಿಯಂತಹ ನೆರೆಯ ನಿಲ್ದಾಣಗಳೂ ಅಷ್ಟೇ ಸೇವೆ ಸಲ್ಲಿಸಿದರೂ ಅವುಗಳಿಗೆ ಕಥೆಗಾರನು ಸಿಕ್ಕಲಿಲ್ಲ.

ಕೀರ್ತಿಯು ಅದೃಷ್ಟವನ್ನು ಅನುಸರಿಸುತ್ತದೆ, ಕೃತಜ್ಞತೆಯು ಹಾಗಿರಬಾರದು. ಅರಸಾಳಿನ ಗೋಡೆಗಳು ಮಾಲ್ಗುಡಿಯ ಚಿತ್ರಗಳೊಡನೆ ಆ ಸೀಮೆಯ ದುಡಿದ ಜನರ ನೆನಪನ್ನೂ ನೋಡುವವರ ಮುಂದಿಟ್ಟರೆ ಒಂದು ಕಟ್ಟಡದ ಮೂಲಕ ಇಡಿಯ ದಾರಿಯೇ ಉಳಿದಂತಾಗುವುದು. ಹೆಸರು ಕಲ್ಪನೆಯದಾದರೂ ಋಣವು ನಿಜವಾದುದು.