ಕೂಲಿಯ ಕೈಯೂ ಕರುಣೆಯೂ

ಸಂಬಳ ತೆಗೆದುಕೊಂಡು ಮಾಡುವ ಉಪಚಾರವನ್ನು ಪ್ರೀತಿಯ ಕೆಲಸವೆಂದು ಎಣಿಸಬಹುದೋ? ಆಸ್ಪತ್ರೆಯಲ್ಲಿ ಗುಣಹೊಂದಿ ಊರಿಗೆ ತಿರುಗಿ ಬಂದವರಲ್ಲಿ ಅನೇಕರು, "ಅವರು ಸಂಬಳಕ್ಕೆ ಮಾಡಿದರು, ಅದರಲ್ಲಿ ಉಪಕಾರವೇನು?" ಎಂದು ಹೇಳುವದುಂಟು. ನಾನೂ ಹಾಗೆಯೇ ಹೇಳುತ್ತಿದ್ದೆನು. ನನ್ನ ಎಲುಬು ಮುರಿದ ಮೇಲೆ ಆ ಮಾತನ್ನು ಬಿಟ್ಟೆನು. ಅದರ ಕಾರಣವನ್ನು ಇಲ್ಲಿ ಬರೆಯುತ್ತೇನೆ.

ಮೂರು ವರುಷಗಳ ಹಿಂದೆ ನಾನು ಬೆಂಗಳೂರಿನ ಬನಶಂಕರಿಯ ಕಡೆಗೆ ಬೈಕಿನ ಮೇಲೆ ಹೋಗುತ್ತಿರುವಾಗ ಲಾರಿಯೊಂದು ತಗಲಿ ಬಿದ್ದೆನು. ಬಲತೊಡೆಯ ಎಲುಬು ಎರಡಾಯಿತು. ನೋಡುತ್ತಾ ನಿಂತವರು ಬಹು ಮಂದಿ. ಆಟೋ ಚಾಲಕನೊಬ್ಬನೂ ಹೂ ಮಾರುವ ಹೆಂಗಸೊಬ್ಬಳೂ ಮಾತ್ರ ನನ್ನನ್ನು ಎತ್ತಿದರು. ಉಳಿದವರು ಪೋಲೀಸರ ವಿಚಾರಣೆಗೆ ಹೆದರಿರಬಹುದು. ಆ ಭಯಕ್ಕೆ ಈಗ ಆಸ್ಪದವಿಲ್ಲ. ಯಾಕಂದರೆ ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದ ನಿಯಮಗಳಿಂದಲೂ, ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ೧೩೪ಎ ಎಂಬ ವಿಧಿಯಿಂದಲೂ, ಗಾಯಾಳುವನ್ನು ಒಳ್ಳೇ ಮನಸ್ಸಿನಿಂದ ಎತ್ತಿ ತಂದವನಿಗೆ ರಕ್ಷಣೆ ಉಂಟು; ಅವನ ಹೆಸರನ್ನು ಹೇಳೆಂದು ಸಹ ಬಲವಂತ ಮಾಡಕೂಡದು.

ಮೊದಲು ಹೋದ ಸ್ಥಳದಲ್ಲಿ ಮುಂಗಡ ಹಣ ಕೇಳಿ ನಮ್ಮನ್ನು ಬಾಗಲಲ್ಲೇ ನಿಲ್ಲಿಸಿದರು. ಗಾಯಾಳುವಿನ ಪ್ರಾಣವುಳಿಸುವದು ಸರಕಾರೀ ವೈದ್ಯನಿಗೂ ಖಾಸಗೀ ವೈದ್ಯನಿಗೂ ಮೊದಲನೆಯ ಕರ್ತವ್ಯವೆಂದು ಅದೇ ನ್ಯಾಯಾಲಯವು ೧೯೮೯ರಲ್ಲಿಯೇ ತೀರ್ಪು ಕೊಟ್ಟಿತ್ತು. ಆದರೆ ತೀರ್ಪು ಇದ್ದ ಮಾತ್ರಕ್ಕೆ ಬಾಗಲು ತೆರೆಯುವದಿಲ್ಲ. ಆ ಭಾಗದಲ್ಲಿ ತಲೆಗೆ ಪೆಟ್ಟಾದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಉಂಟು. ಎಲುಬು ಮುರಿದವರಿಗೆ ಬೈರಸಂದ್ರದ ಬಳಿಯಲ್ಲಿ ಸಂಜಯಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಉಂಟು. ನನ್ನನ್ನು ಸೇರಿಸಿಕೊಂಡದ್ದು ಇವೆರಡೂ ಅಲ್ಲದ ಬೇರೊಂದು ಆಸ್ಪತ್ರೆ. ಅಲ್ಲಿ ತೊಡೆಯ ಎಲುಬಿನೊಳಗೆ ಲೋಹದ ಸರಳನ್ನು ತೂರಿಸಿ ಜೋಡಿಸಿದರು.

ನನ್ನ ಪಕ್ಕದ ಮಂಚದಲ್ಲಿ ಕಟ್ಟಡದಿಂದ ಬಿದ್ದ ಕೂಲಿಯಾಳೊಬ್ಬನಿದ್ದನು. ಅವನ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಇಂಥವನು ಒಂದೇ ಮಗ್ಗುಲಲ್ಲಿ ಮಲಗಿದ್ದರೆ, ಒತ್ತಿದ ಮಾಂಸಕ್ಕೆ ರಕ್ತವು ಹರಿಯದೆ ಹುಣ್ಣಾಗುತ್ತದೆ. ಅದು ಎಲುಬಿನ ವರೆಗೂ ಇಳಿದು ಪ್ರಾಣಕ್ಕೆ ಅಪಾಯ ತರಬಹುದು. ಆದಕಾರಣ ಎರಡು ತಾಸಿಗೊಮ್ಮೆ ಅವನನ್ನು ಮಗ್ಗುಲು ತಿರುಗಿಸಬೇಕಾಗಿತ್ತು. ರಾತ್ರಿಯ ಸಿಸ್ಟರು ಆಯಾಳನ್ನು ಕರಕೊಂಡು ಬಂದು, ಬೆನ್ನು ತಿರುಚದ ಹಾಗೆ ಅವನನ್ನು ಹೊರಳಿಸಿ, ಹಾಸಿಗೆಯ ಸುಕ್ಕು ತೆಗೆದು ಹೋಗುವರು. ಒಂದು ರಾತ್ರಿ ಮೂರು ಗಂಟೆಗೆ ನಾನು, "ಸಿಸ್ಟರ್, ಒಂದು ಸಾರಿ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?" ಎಂದು ಕೇಳಿದೆನು. ಆಕೆ ಕೈ ನಿಲ್ಲಿಸದೆ, "ಅವರ ಬೆನ್ನಿಗೆ ಗೊತ್ತಾಗುತ್ತೆ, ಸಾರ್" ಅಂದರು.

ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬನು ದೊಡ್ಡ ಡಾಕ್ಟರು ಬರುವ ಹೊತ್ತಿಗೆ ಮಾತ್ರ ಚುರುಕಾಗುವನು. ಅವರು ಹೋದ ಮೇಲೆ ಕರೆದರೂ ತಿರುಗಿ ನೋಡನು. ಇವನಿಗೂ ಸಂಬಳವುಂಟು, ಆಕೆಗೂ ಸಂಬಳವುಂಟು. ಪ್ರೀತಿಯನ್ನು ಕೆಡಿಸುವದು ಸಂಬಳವೇ ಆಗಿದ್ದರೆ ಇಬ್ಬರಲ್ಲಿಯೂ ಕೆಡಿಸಬೇಕಾಗಿತ್ತು. ಆದಕಾರಣ ವ್ಯತ್ಯಾಸವು ಸಂಬಳದಲ್ಲಿಲ್ಲ, ಮನುಷ್ಯನಲ್ಲಿ ಉಂಟು. ಸಂಬಳವು ತಾಸುಗಳನ್ನು ಕೊಂಡುಕೊಳ್ಳಬಹುದು. ಯಾರೂ ನೋಡದ ಹೊತ್ತಿನ ನಂಬಿಗಸ್ತಿಕೆಯನ್ನು ಕೊಂಡುಕೊಳ್ಳಲಾರದು. ಅದನ್ನು ಕೊಡುವವರು ತಾವಾಗಿ ಕೊಡಬೇಕು. ಆಕೆಯ ಮನೆಯಲ್ಲಿಯೂ ಒಲೆ ಉರಿಯಬೇಕಷ್ಟೆ. ಸಂಬಳವಿಲ್ಲದೆ ಆಕೆ ಪ್ರತಿ ರಾತ್ರಿಯೂ ನಮ್ಮ ಬಳಿಗೆ ಹೇಗೆ ಬಂದಾಳು?

ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ದಾರಿಹೋಕನಾದ ಅವನು ಮಾರನೆಯ ದಿನ ಹೊರಟುಹೋದನು. ಆ ಮೇಲೆ ಗಾಯಾಳುವನ್ನು ನೋಡಿಕೊಂಡವನು ಎರಡು ನಾಣ್ಯ ತೆಗೆದುಕೊಂಡ ಛತ್ರದವನು. ಅವನ ಕುರಿತು ನಾನು ಎಂದೂ ಪ್ರಸಂಗ ಮಾಡಿರಲಿಲ್ಲ. ಮಂಚದ ಮೇಲೆ ಮಲಗಿದಾಗಲೇ ಅವನ ನೆನಪು ನನಗೆ ಬಂತು.

ಇನ್ನೊಂದು ಮಾತು. ನನ್ನ ಮಲಮೂತ್ರವನ್ನು ತೆಗೆದು ಮೈ ಒರಸಿದ ಆಯಾಳ ಕುಲವನ್ನು ನಾನು ಕೇಳಲಿಲ್ಲ, ಆಕೆಯೂ ನನ್ನದನ್ನು ಕೇಳಲಿಲ್ಲ. ನಮ್ಮ ಊರುಗಳಲ್ಲಿ ಈ ಕೆಲಸ ಮಾಡುವ ಕೈಗಳನ್ನೇ ಹೀನವೆಂದು ದೂರವಿಟ್ಟರು. ನಮ್ಮಲ್ಲಿ ಅನೇಕರ ಅಜ್ಜಂದಿರು ಆ ಅವಮಾನವನ್ನು ಉಂಡವರೇ. ಅಂಥ ನಾವು, "ಸಂಬಳದವರು ತಾನೇ" ಎಂದು ಈ ಕೈಗಳನ್ನು ಹಗುರವಾಗಿ ಎಣಿಸಿದರೆ, ಬಿಟ್ಟುಬಂದದ್ದನ್ನೇ ತಿರಿಗಿ ಎತ್ತಿಕೊಂಡ ಹಾಗಾಗುವದಲ್ಲವೋ?

ಆದಕಾರಣ, ಸಹೋದರರೇ, ಆಸ್ಪತ್ರೆಗೆ ಹೋದಾಗ ದೊಡ್ಡ ಡಾಕ್ಟರಿಗೆ ಕೈಮುಗಿದ ಹಾಗೆ ಆಯಾಳಿಗೂ "ಅಮ್ಮಾ" ಎಂದು ಮರ್ಯಾದೆ ಕೊಡಿರಿ. ಮಾಡದವನನ್ನು ಕಂಡರೆ ದೂರು ಹೇಳಿರಿ. ಮಾಡಿದವರನ್ನು ಕಂಡರೆ ಅವರ ಮೇಲಿನವರ ಮುಂದೆ ಹೆಸರು ಹಿಡಿದು ಹೊಗಳಿರಿ. ನಾನು ಈಗ ಕೋಲೂರಿ ನಡೆಯುತ್ತೇನೆ. ಆ ಸಿಸ್ಟರನ್ನು ತಿರಿಗಿ ನೋಡಲಿಲ್ಲ. ಆದರೆ ನಮ್ಮ ಊರಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ ಮುದುಕರೊಬ್ಬರಿದ್ದಾರೆ. ಸಂಜೆಯ ಹೊತ್ತು ಅವರನ್ನು ಮಗ್ಗುಲು ತಿರುಗಿಸುವದಕ್ಕೆ ನಾನು ಹೋಗುತ್ತೇನೆ.